ಯಗಚಿಯ ನೀರಿನ ಮೇಲೆ

ಅರಸೀಕೆರೆಯಲ್ಲಿ ನಾವು ರೈಲಿನಿಂದಿಳಿದಾಗ ಬೆಳಗಿನ ಏಳು ಗಂಟೆ. ಹುಬ್ಬಳ್ಳಿಯ ದಾರಿಯೂ ಮೈಸೂರಿನ ದಾರಿಯೂ ಕೂಡುವ ಈ ಊರಿಗೆ, ಹೊಯ್ಸಳರ ಕಾಲದಲ್ಲಿ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಹೆಸರು ಬಂದಿತೆಂದು ಹೇಳುವರು. ನನ್ನೊಡನೆ ಎಪ್ಪತ್ತು ದಾಟಿದ ತಾಯಿಯವರೂ ತಂಗಿಯೂ ಅವಳ ಒಂಬತ್ತು ವರ್ಷದ ಮಗನೂ ಇದ್ದರು.

ಬಾಣಾವರ, ಜಾವಗಲ್ಲುಗಳನ್ನು ದಾಟಿ ಹಳೇಬೀಡನ್ನು ಸೇರಿದೆವು. ಹೊಯ್ಸಳೇಶ್ವರನ ಗುಡಿಯ ಗೋಡೆಯ ಆನೆಗಳನ್ನು ಎಣಿಸಿ ಎಣಿಸಿ ಹುಡುಗನು ದಣಿದನು. ಸಮೀಪದಲ್ಲಿಯೇ ದೋರಸಮುದ್ರದ ಕೆರೆ. ಕೆರೆಯನ್ನು ಸಮುದ್ರವೆಂದು ಕರೆದು, ರಾಜಧಾನಿಗೂ ಅದೇ ಹೆಸರನ್ನಿತ್ತ ಹಿರಿಯರು ನೀರಿನ ಬೆಲೆಯನ್ನು ಬಲ್ಲವರು.

“ಮಾವ, ದೋಣಿ ಎಲ್ಲಿ?” ಎಂದನು ಹುಡುಗ.

“ಬೇಲೂರಿನಲ್ಲಿ” ಎಂದೆನು.

ಬೇಲೂರು ಅಲ್ಲಿಂದ 16 ಕಿಲೋಮೀಟರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ದರ್ಶನ ಮಾಡಿದೆವು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದ ಮೇಲೆ ಯಾತ್ರಿಕರ ಕಣ್ಣೆಲ್ಲ ಶಿಲೆಯ ಮೇಲೆಯೇ. ಆದರೆ ಊರಿಗೆ ಸಮೀಪದಲ್ಲಿ, ಹೇಮಾವತಿಯನ್ನು ಸೇರುವ ಯಗಚಿಗೆ ಕಟ್ಟಿದ ಅಣೆಕಟ್ಟಿನ ಹಿಂದೆ, ವಿಶಾಲವಾದ ಜಲಾಶಯವಿರುವುದು. ಸಂಜೆ ಅಲ್ಲಿಗೆ ಹೋದೆವು.

ದೋಣಿಯವನು ಎಲ್ಲರಿಗೂ ಲೈಫ್ ಜಾಕೆಟ್ಟುಗಳನ್ನು ಕೊಟ್ಟನು. ತಾಯಿಯವರು ಮುಖ ಸಿಂಡರಿಸಿದರು.

“ಯಾರು ಯಾರೋ ತೊಟ್ಟು ಬಿಟ್ಟದ್ದು, ನನಗೇಕಪ್ಪ?”

“ಅಮ್ಮಾ, ಇದನ್ನು ತೊಡದಿದ್ದರೆ ನಾನು ದೋಣಿ ಬಿಡುವುದಿಲ್ಲ.”

ಅವರು ಅದನ್ನು ಕೈಯಲ್ಲಿ ಒತ್ತಿ ನೋಡಿದರು. “ನಮ್ಮೂರ ಬಾವಿಯಲ್ಲಿ ಈಜು ಕಲಿಯುವ ಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದರು. ಇದೂ ಅದೇ ತಾನೆ?” ಎಂದು ನಕ್ಕು ತೊಟ್ಟುಕೊಂಡರು. ದೋಣಿಯವನು ಸೆರಗನ್ನು ಒಳಗೆ ಸಿಕ್ಕಿಸಿ, ಜಾಕೆಟ್ಟು ಸೀರೆಯ ಮೇಲೆಯೇ ಇರುವಂತೆ ಮಾಡಿಸಿದನು. ಹುಡುಗನ ಜಾಕೆಟ್ಟನ್ನು ಎರಡು ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿದನು. ಅದು ಕಿವಿಯವರೆಗೆ ಏರಿತು. “ಇದು ದೊಡ್ಡದಾಯಿತು” ಎಂದು ಚಿಕ್ಕದೊಂದನ್ನು ತಂದು, ತೊಡೆಗಳ ನಡುವಿನ ಪಟ್ಟಿಯನ್ನೂ ಬಿಗಿದನು. ಸಡಿಲವಾದ ಜಾಕೆಟ್ಟು ನೀರಿನಲ್ಲಿ ತಾನು ಮಾತ್ರ ತೇಲುವುದು, ಮಗುವು ಕೆಳಗೆ ಜಾರುವುದು.

ವಾಚಕರು ಇಂತಹ ವಿಹಾರಕ್ಕೆ ಹೋದಾಗ ಇನ್ನೂ ಕೆಲವನ್ನು ನೋಡತಕ್ಕದ್ದು. ಹಗ್ಗ ಕಟ್ಟಿದ ತೇಲುಬಳೆಯೊಂದು ಕೈಗೆ ಸಿಗುವಂತಿರಬೇಕು. ಬಿದ್ದವರ ಹಿಂದೆ ಹಾರುವುದಕ್ಕಿಂತ ಅದನ್ನು ಎಸೆಯುವುದು ಲೇಸು. ನೀರು ಎತ್ತಿ ಚೆಲ್ಲಲು ಪಾತ್ರೆ, ಒಂದು ಹೆಚ್ಚಿನ ಹುಟ್ಟು, ಕೂಗು ಕೇಳದೆಡೆ ಊದಲು ಸೀಟಿ, ಯಂತ್ರವಿದ್ದಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು. ವೇಗದ ದೋಣಿಯಲ್ಲಿ ಚಾಲಕನ ಮೈಗೆ ಕಟ್ಟಿದ ಹುರಿಯೊಂದಿರುವುದು. ಅವನು ಬಿದ್ದರೆ ಅದು ಕಳಚಿ ಯಂತ್ರವು ನಿಲ್ಲುವುದು. ಎಲ್ಲಕ್ಕಿಂತ ಮೊದಲು, ದೋಣಿಗೆ ಎಷ್ಟು ಜನರ ಮಿತಿಯೆಂದು ಕೇಳಬೇಕು. 2019ರ ಜನವರಿ 21ರಂದು, ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2024ರ ಜನವರಿಯಲ್ಲಿ ವಡೋದರದ ಕೆರೆಯಲ್ಲಿ, ಮಿತಿಮೀರಿ ತುಂಬಿದ್ದ ದೋಣಿ ಮುಳುಗಿ, ಶಾಲೆಯ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಅಳಿದರು. ಯಂತ್ರದ ದೋಣಿಗಳಿಗೆ ತಪಾಸಣೆ, ನೋಂದಣಿ, ಜೀವರಕ್ಷಕ ಸಾಧನಗಳು ಇರಬೇಕೆಂದು 2021ರ ಒಳನಾಡು ನೌಕೆಗಳ ಕಾಯಿದೆ ವಿಧಿಸಿದೆ. ಆದರೆ ಪಟ್ಟಿಯನ್ನು ಬಿಗಿಯುವುದು ನಮ್ಮ ಕೈಯೇ.

ಆ ಕೈಯ ತಪ್ಪನ್ನು ನಾನು ಬಲ್ಲೆನು. ಎರಡು ವರ್ಷದ ಹಿಂದೆ ಬೇರೊಂದು ಊರಿನ ಕೆರೆಯಲ್ಲಿ, ಚಿತ್ರವು ಚೆನ್ನಾಗಿ ಬರಲೆಂದು, ಇದೇ ಹುಡುಗನ ಜಾಕೆಟ್ಟನ್ನು ನಾನೇ ಬಿಚ್ಚಿದೆನು. ಫಕ್ಕನೆ ಗಾಳಿಯೆದ್ದು ದೋಣಿಯು ವಾಲಿತು. ನೀರು ಒಳಗೆ ನುಗ್ಗಿತು. ಜಾಕೆಟ್ಟು ನನ್ನ ಕಾಲ ಬಳಿಯೇ ಇದ್ದಿತು. ಆದರೆ ಹುಡುಗನನ್ನು ಅವುಚಿಕೊಂಡಿದ್ದ ಕೈಗಳನ್ನು ಸಡಿಲಿಸಿ ಅದನ್ನೆತ್ತುವ ಧೈರ್ಯವಾಗಲಿಲ್ಲ. ಹೇಗೋ ದಡ ಸೇರಿದೆವು. ಅಪಾಯ ಬಂದ ಮೇಲೆ ತೊಡಬಹುದೆಂಬುದು ಬರಿಯ ಭ್ರಮೆಯೆಂದು ಅಂದು ತಿಳಿಯಿತು. ಆ ಚಿತ್ರವನ್ನು ತಂಗಿಯು ಗೋಡೆಗೆ ತೂಗುಹಾಕಿರುವಳು. ನಡೆದುದನ್ನು ನಾನು ಅವಳಿಗೆ ಹೇಳಿಲ್ಲ.

ಯಗಚಿಯ ಮೇಲೆ ಸೂರ್ಯನು ಇಳಿಯುತ್ತಿದ್ದನು. ತಾಯಿಯವರು ಬೊಗಸೆಯಲ್ಲಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹುಡುಗನು ಸೀಟಿಯನ್ನು ಊದಿ ಊದಿ ಎಲ್ಲರ ಕಿವಿ ಕೊರೆದನು, ಯಾರೂ ಬೇಡವೆನ್ನಲಿಲ್ಲ. ದಡದಲ್ಲಿಳಿದು ಅವನ ಪಟ್ಟಿಗಳನ್ನು ಬಿಚ್ಚುತ್ತಿದ್ದಾಗ, “ಅಣ್ಣ, ಈ ಸಲ ಇಷ್ಟು ಬಿಗಿಯಾಗಿ ಕಟ್ಟಿಸಿದೆಯಲ್ಲ!” ಎಂದು ತಂಗಿಯು ನಕ್ಕಳು.

ಈ ಪತ್ರಿಕೆಯನ್ನು ಅವಳೂ ಓದುವಳು. ಈಗಲಾದರೂ ತಿಳಿಯಲಿ.