ನಾನು ಕತ್ತರಿಸಿದ ಕ್ಲೈಮ್ಯಾಕ್ಸ್!

ಅದು 1981. ನಾನಾಗ ಬಿ.ಎ. ಎರಡನೇ ವರ್ಷ. ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿ ಸಂಪಾದಕ! ಜೇಬಿಗೆ ಒಂದು ಕೆಂಪು ಪೆನ್ನು ಬಂತು. ತಲೆಗೆ ಎರಡು ಕೊಂಬು!

ಹಾಸ್ಟೆಲಿನಲ್ಲಿ ಪಕ್ಕದ ಚಾಪೆಯ ಗೆಳೆಯ ಹನ್ನೆರಡು ಹಾಳೆಯ ಕತೆ ಕೊಟ್ಟ. ಅವನಪ್ಪ ತೀರಿಕೊಂಡ ರಾತ್ರಿಯ ಕತೆ. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ ಮುದುಕ, "ಫಾರಂ ತುಂಬೋಯ್ತು ಸಾಮಿ, ಉಳಿದಿರೋದು ಮೂರೇ ಪುಟ" ಎಂದ. ಸರಿ, ಕತೆಯ ಕೊನೆಯ ದೃಶ್ಯವನ್ನೇ ಹಾರಿಸಿಬಿಟ್ಟೆ. ನನ್ನ ಸಂಪಾದಕೀಯ ಮಾತ್ರ ಪೂರ್ತಿ ಎರಡು ಪುಟ, ಫೋಟೋ ಸಮೇತ!

ಸಂಚಿಕೆ ನೋಡಿದ ಗೆಳೆಯ ಮಾತಾಡಲಿಲ್ಲ. ನಾನೇ ಜಂಭದಿಂದ ಅಂದೆ: "ಬೇಜಾರು ಮಾಡ್ಕೋಬೇಡ ಕಣೋ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ 1972ರಲ್ಲಿ ಒಂದೇ 'ನಾಗರಹಾವು' ಮಾಡಲಿಲ್ವಾ?"

ಅವನು ಮೆಲ್ಲಗೆ ಹೇಳಿದ: "ಮಾಡಿದ್ರು. ಆದ್ರೆ ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬೀಳೋದನ್ನೇ ತೆಗೆದುಹಾಕಿದ್ರೆ ಪಿಕ್ಚರ್ ಏನಾಗ್ತಿತ್ತೋ?"

ನನ್ನ ಬಾಯಿ ಕಟ್ಟಿಹೋಯ್ತು. ಆಮೇಲೆ ಅವನು ಕತೆ ಬರೆಯಲೇ ಇಲ್ಲ. "ಬರಿಯೋ" ಅಂದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದ.

ಆ ಕೊನೆಯ ಎರಡು ಹಾಳೆ ಇಂದಿಗೂ ನನ್ನ ಟ್ರಂಕಿನಲ್ಲಿವೆ. ಅಪ್ಪನ ಚಪ್ಪಲಿಯನ್ನು ಮಗ ಕಾಲಿಗೆ ಹಾಕಿ ನೋಡುವ ದೃಶ್ಯ. ಇಡೀ ಸಂಚಿಕೆಯಲ್ಲಿ ಅಷ್ಟು ಚೆನ್ನಾದ ಬರಹ ಇನ್ನೊಂದಿರಲಿಲ್ಲ. ಅದು ಗೊತ್ತಿದ್ದೇ ಕತ್ತರಿಸಿದೆನಾ? ಈ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಓದುಗ ಮಿತ್ರರೇ, ನಿಮ್ಮಲ್ಲೂ ನಾಳಿನ ಸಂಪಾದಕರಿರಬಹುದು. ಕತ್ತರಿ ಹಿಡಿಯಿರಿ, ಬೇಡ ಅನ್ನೋದಿಲ್ಲ. ಆದರೆ ಮೊದಲ ಏಟು ನಿಮ್ಮ ಸಂಪಾದಕೀಯಕ್ಕೇ ಬೀಳಲಿ!