ಆ ಕೊಳಲು ಊದಿದವರು ಯಾರು?

ಪುಸ್ತಕ ಬರೆಯೋದು ಸುಲಭ ಅಂದವರನ್ನು ಒಂದು ದಿನ ನನ್ನ ಜೊತೆ ಕೋಡಂಬಾಕಂ ಬೀದಿಗಳಲ್ಲಿ ಅಲೆಸಬೇಕು! ಆರು ವರ್ಷದಿಂದ ಒಂದೇ ಹುಚ್ಚು ಹಿಡಿದು ಕೂತಿದ್ದೇನೆ. ಜಿ.ಕೆ. ವೆಂಕಟೇಶ್ ಮದ್ರಾಸಿನಲ್ಲಿ ಕನ್ನಡ ಹಾಡುಗಳನ್ನು ಧ್ವನಿಮುದ್ರಿಸಿದ ದಿನಗಳ ಬಗ್ಗೆ ಒಂದು ಪುಸ್ತಕ. ಯಾವ ಹಾಡು, ಯಾವ ದಿನ, ಯಾವ ಸ್ಟುಡಿಯೋ, ಯಾರ್ಯಾರು ನುಡಿಸಿದರು... ಇಷ್ಟೇ. ‘ಇಷ್ಟೇ’ ಅಂದುಕೊಂಡಿದ್ದೆ ನೋಡಿ!

ಈ ಹುಚ್ಚು ಹತ್ತಿಸಿದ್ದು ಒಂದು ಇಂಗ್ಲಿಷ್ ಪುಸ್ತಕ. ಲಂಡನ್ನಿನ ಮಾರ್ಕ್ ಲೂಯಿಸನ್ ಎಂಬಾತ 1988ರಲ್ಲಿ ಬೀಟಲ್ಸ್ ತಂಡದ ರೆಕಾರ್ಡಿಂಗುಗಳ ದಿನಚರಿಯನ್ನೇ ಬರೆದುಬಿಟ್ಟ. 1963ರ ಫೆಬ್ರವರಿ 11ರಂದು ಅವರು ತಮ್ಮ ಮೊದಲ ಎಲ್‌ಪಿಗೆ ಒಂದೇ ದಿನದಲ್ಲಿ ಹತ್ತು ಹಾಡು ಮುಗಿಸಿದರು. ಯಾವುದು ಎಷ್ಟನೇ ಟೇಕಿಗೆ ಓಕೆ ಆಯಿತು ಎಂಬುದೂ ಅದರಲ್ಲಿದೆ. ಹೇಗೆ ಸಾಧ್ಯವಾಯಿತು? ಸ್ಟುಡಿಯೋದವರು ಟೇಪುಗಳನ್ನೂ ಕಾಗದಗಳನ್ನೂ ಜೋಪಾನ ಮಾಡಿದ್ದರು, ಅಷ್ಟೇ.

ನಮ್ಮಲ್ಲಿ? ಒಬ್ಬ ಹಳೆಯ ನಿರ್ಮಾಪಕರ ಕಚೇರಿಗೆ ಹೋಗಿ ವೋಚರುಗಳನ್ನು ಕೇಳಿದೆ. “ಓ ಅದಾ ಸಾರ್? ಮನೆ ಖಾಲಿ ಮಾಡುವಾಗ ತೂಕಕ್ಕೆ ಹಾಕಿದ್ವಿ” ಅಂದರು. ಎಷ್ಟು ಕೆ.ಜಿ. ಆಯಿತು ಅನ್ನೋದು ಮಾತ್ರ ಅವರಿಗೆ ಚೆನ್ನಾಗಿ ನೆನಪಿತ್ತು!

ಹಾಡಿನ ಪುಸ್ತಕ ನೋಡಿ, ನಲವತ್ತೈದರ ಪುಟ್ಟ ರೆಕಾರ್ಡಿನ ಹೊದಿಕೆ ನೋಡಿ. ಗಾಯಕರ ಹೆಸರಿದೆ, ಕವಿಯ ಹೆಸರಿದೆ, ಸಂಗೀತ ನಿರ್ದೇಶಕರ ಹೆಸರಿದೆ. ನುಡಿಸಿದವರ ಹೆಸರಿಲ್ಲ. ‘ಸನಾದಿ ಅಪ್ಪಣ್ಣ’ದ (1977) ಶಹನಾಯಿ ಬಿಸ್ಮಿಲ್ಲಾ ಖಾನರದು ಎಂದು ಎಲ್ಲರಿಗೂ ಗೊತ್ತು. ಆದರೆ ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ಚಿತ್ರಗಳ ಹಾಡಿನಲ್ಲಿ ಪಿಟೀಲು ಹಿಡಿದು ಸಾಲಾಗಿ ಕೂತವರು ಯಾರು? ಜಿಕೆವಿ ಬಳಿ ಸಹಾಯಕರಾಗಿದ್ದ ಇಳಯರಾಜ 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಮೇಲೆದ್ದರು, ಹೆಸರು ಉಳಿಯಿತು. ಮಿಕ್ಕವರು?

ಅಂದಿನ ರೆಕಾರ್ಡಿಂಗ್ ಇಂದಿನಂತಲ್ಲ. ಈಗ ಗಾಯಕ ಒಂದು ದಿನ, ಕೊಳಲು ಇನ್ನೊಂದು ದಿನ ಬಂದು ಹೋದರೂ ಹಾಡು ಆಗುತ್ತದೆ. ಆಗ ಎಲ್ಲರೂ ಒಟ್ಟಿಗೇ ಇರಬೇಕು. ಕೊನೆಯ ಚರಣದಲ್ಲಿ ತಬಲಾದವನ ಬೆರಳು ಜಾರಿದರೆ ಮತ್ತೆ ಪಲ್ಲವಿಯಿಂದ ಶುರು! ಅಂಥ ಕಡೆ ಒಬ್ಬೊಬ್ಬನ ಪಾಲೂ ಎಷ್ಟು ದೊಡ್ಡದು, ನೀವೇ ಹೇಳಿ.

ಕಾಗದ ಇಲ್ಲದ ಮೇಲೆ ನೆನಪೇ ಗತಿ. ನೆನಪೋ, ಒಬ್ಬೊಬ್ಬರದು ಒಂದೊಂದು ದಾರಿ. ‘ಸಂಪತ್ತಿಗೆ ಸವಾಲ್’ನ (1974) ಎಮ್ಮೆ ಹಾಡನ್ನೇ ತಗೊಳ್ಳಿ. ಅಣ್ಣಾವ್ರನ್ನು ಗಾಯಕರಾಗಿ ನೆಲೆನಿಲ್ಲಿಸಿದ ಹಾಡು ಅದು. ಪಿ.ಬಿ. ಶ್ರೀನಿವಾಸರಿಗೆ ಅಂದು ಮೈ ಸರಿಯಿರಲಿಲ್ಲ ಅನ್ನುವವರುಂಟು. ಇಲ್ಲ, ಆ ಪಾತ್ರಕ್ಕೆ ಆ ಕಂಠವೇ ಬೇಕಿತ್ತು ಅನ್ನುವವರುಂಟು. ಅಷ್ಟು ಪ್ರಸಿದ್ಧ ದಿನದ ಪಾಡೇ ಹೀಗಾದರೆ ಹೆಸರಿಲ್ಲದ ಕೊಳಲಿನವನ ಪಾಡೇನು?

ಆ ಕೊಳಲಿನ ಕಥೆಗೇ ಬರುತ್ತೇನೆ. ಎಪ್ಪತ್ತರ ದಶಕದ ಒಂದು ಹಾಡು. ಹೆಸರು ಸದ್ಯಕ್ಕೆ ಬೇಡ. ಎರಡು ಚರಣಗಳ ನಡುವೆ ಎದೆ ಹಿಂಡುವ ಒಂದು ಕೊಳಲಿನ ಬಿಟ್ ಇದೆ.

ವಡಪಳನಿಯ ಒಂದು ಓಣಿಯಲ್ಲಿ, ಮಹಡಿ ಮೇಲಿನ ಸಣ್ಣ ಮನೆಯಲ್ಲಿ ಮೈಸೂರು ಕಡೆಯ ಒಬ್ಬ ಅಜ್ಜಿ ಸಿಕ್ಕಿದರು. ಯಜಮಾನರು ಕೊಳಲುವಾದಕರು, ತೀರಿಕೊಂಡು ಬಹಳ ವರ್ಷವಾಗಿದೆ. ಟ್ರಂಕಿನಿಂದ ಒಂದು ನೋಟ್‌ಬುಕ್ ತೆಗೆದರು. ತಾರೀಖು, ಸ್ಟುಡಿಯೋ, ‘ಜಿಕೆವಿ – ಕನ್ನಡ – 2’, ಪಕ್ಕದಲ್ಲಿ ದುಡ್ಡು ಬಂತು ಎನ್ನಲು ಒಂದು ಗೀಟು. ಎರಡು ಹಾಡು ಸರಿ, ಆದರೆ ಯಾವ ಎರಡು? ಬರೆದಿಲ್ಲ!

ಫೋನಿನಲ್ಲಿ ಹಾಡು ಹಾಕಿದೆ. ಅಜ್ಜಿ ಕಣ್ಣು ಮುಚ್ಚಿದರು. “ಇಲ್ಲಿ... ಉಸಿರು ತಗೊಂಡ್ರು, ಕೇಳಿಸ್ತಾ? ಅವ್ರಿಗೆ ಆಸ್ತಮಾ ಇತ್ತಪ್ಪಾ. ಉದ್ದಕ್ಕೆ ಎಳೆಯೋಕೆ ಆಗ್ತಿರ್ಲಿಲ್ಲ. ನಡುವೆ ಮುರೀತಿದ್ರು. ಅದೇ ಚೆಂದ ಅಂತಿದ್ರು ಎಲ್ರೂ.”

ನಾನು ಆ ರಾತ್ರಿಯೇ ಅವರ ಹೆಸರು ಬರೆದುಬಿಟ್ಟೆ.

ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಇನ್ನೊಬ್ಬರು ಸಿಕ್ಕಿದರು. “ಅದು ನಮ್ಮ ಮೇಷ್ಟ್ರು ಊದಿದ್ದು. ಸಾಯೋ ತನಕ ಹೇಳ್ತಿದ್ರು.” ಫೋಟೋ ತೋರಿಸಿದರು: ಮೈಕಿನ ಮುಂದೆ ಮೇಷ್ಟ್ರು, ಕೈಯಲ್ಲಿ ಕೊಳಲು. ತಾರೀಖಿಲ್ಲ. ಮತ್ತೆ ಚೆನ್ನೈಗೆ ಓಡಿದೆ, ಆ ಕಾಲದ ಒಬ್ಬ ಪಿಟೀಲಿನವರ ಬಳಿ. ಅವರು ನಕ್ಕರು. “ಅವತ್ತು ಇಬ್ಬರೂ ಇದ್ರು ಸ್ವಾಮಿ! ನಾನು ನನ್ನ ನೊಟೇಷನ್ ನೋಡ್ತಿದ್ದೆ. ಅವರ ಬಾಯಿ ನೋಡ್ತಾ ಕೂತಿದ್ನಾ?”

ಬರೆದ ಹೆಸರನ್ನು ಹೊಡೆದುಹಾಕುವಾಗ ಕೈ ನಡುಗಿತು. ಹೆಸರಿಲ್ಲದವರಿಗೆ ಹೆಸರು ಕೊಡಲು ಹೊರಟವನು ನಾನು. ಅಜ್ಜಿಯ ಮುಖ ಕಣ್ಮುಂದೆ. ಒಂದು ಹೆಸರು ಹಾಕಿದರೆ ಯಾರು ಕೇಳುತ್ತಾರೆ? ಆದರೆ ಒಬ್ಬರಿಗೆ ಸುಳ್ಳು ಕೊಟ್ಟರೆ ಇನ್ನೊಬ್ಬರಿಂದ ಕಿತ್ತುಕೊಂಡ ಹಾಗಲ್ಲವೇ? ಕೊನೆಗೆ ಹೀಗೆ ಬರೆದೆ: ‘ಕೊಳಲು: ಇಬ್ಬರಲ್ಲಿ ಒಬ್ಬರು.’ ಕೆಳಗೆ ಎರಡೂ ಹೆಸರು, ಎರಡೂ ಮನೆಯ ಮಾತು.

ಹೇಳಲೇಬೇಕಲ್ಲ, ಹೋದೆ. ಅಜ್ಜಿ ಸುಮ್ಮನೆ ಕೇಳಿಸಿಕೊಂಡರು. ಕಾಫಿ ಕೊಟ್ಟರು. ಹೊರಡುವಾಗ ನೋಟ್‌ಬುಕ್ಕನ್ನು ನನ್ನ ಕೈಗಿತ್ತರು. “ಇದು ನಿನ್ನ ಹತ್ರಾನೇ ಇರ್ಲಿ. ನನ್ನ ನಂತ್ರ ಮಕ್ಳು ರದ್ದಿಗೆ ಹಾಕ್ತಾರೆ.” ಬಾಗಿಲ ತನಕ ಬಂದು ಮೆಲ್ಲಗೆ ಅಂದರು: “ಆದ್ರೆ ಉಸಿರು ಅವ್ರದೇ ಕಣಪ್ಪ.”

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ ಮದ್ರಾಸಿನ ಸ್ಟುಡಿಯೋದಲ್ಲಿ ನುಡಿಸಿದವರು ಯಾರಾದರೂ ಇದ್ದರೆ ಅಟ್ಟದ ಟ್ರಂಕನ್ನು ಒಮ್ಮೆ ತೆರೆದು ನೋಡಿ. ಹಳೇ ಡೈರಿ, ಚೀಟಿ, ಫೋಟೋ... ತೂಕಕ್ಕೆ ಮಾತ್ರ ಹಾಕಬೇಡಿ!