ಹತ್ತು ದಿನಗಳ ಬಾಕಿ

ಚಂದ್ರಗಿರಿ ಹೊಳೆಯ ಸೇತುವೆಯ ಮೇಲೆ ರೈಲುಗಾಡಿಯ ಸದ್ದು ಬದಲಾದೊಡನೆ ನಮಗೆ ಎಚ್ಚರವಾಯಿತು. ತಿರುವನಂತಪುರದಿಂದ ಐನೂರಕ್ಕೂ ಮಿಕ್ಕ ಕಿಲೋಮೀಟರುಗಳ ದಾರಿಯನ್ನು ಬಹುಮಟ್ಟಿಗೆ ನಿದ್ದೆಯಲ್ಲಿಯೇ ಕಳೆದಿದ್ದೆವು. ಹೊಳೆಯ ಮೇಲೆ ಜನವರಿಯ ಮಂಜು ಕವಿದಿತ್ತು. ಇನ್ನೈದು ನಿಮಿಷಕ್ಕೆ ಕಾಸರಗೋಡು. (‘ನಾವು’ ಎಂದರೆ ಎಷ್ಟು ಮಂದಿ ಎಂದು ವಾಚಕರು ಎಣಿಸಬೇಕಾಗಿಲ್ಲ. ಎರಡು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿ ಕಲಿಸುವವನಿಗೆ ಬಹುವಚನವೇ ರೂಢಿಯಾಗಿಬಿಡುತ್ತದೆ.)

ಹೋದದ್ದು ಪಾಠಪುಸ್ತಕದ ಕೆಲಸಕ್ಕೆ. ಕೇರಳದಲ್ಲಿ 1, 3, 5, 7, 9ನೆಯ ತರಗತಿಗಳಿಗೆ 2024ರ ಜೂನಿನಲ್ಲಿ ಹೊಸ ಪುಸ್ತಕಗಳು ಬಂದವು. ನಡುವಿನ ತರಗತಿಗಳವು 2025ಕ್ಕೆ ಬರಬೇಕಾಗಿತ್ತು. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನಾಲ್ಕನೆಯ ತರಗತಿಯ ಪಾಠಗಳನ್ನು ಮಲಯಾಳದಿಂದ ಕನ್ನಡಕ್ಕೆ ತರುವವರಲ್ಲಿ ನಾವೂ ಒಬ್ಬರಾಗಿದ್ದೆವು. ಅಲ್ಲಿ ‘ಪಾಳತ್ತೊಪ್ಪಿ’ ಎಂಬ ಒಂದು ಪದಕ್ಕೇ ಒಂದು ಮಧ್ಯಾಹ್ನ ಕಳೆಯಿತು. ಅಡಕೆಮರದ ‘ಪಾಳ’ ನಮ್ಮಲ್ಲಿ ‘ಹಾಳೆ’. ಪಾಲು ಹಾಲಾದ ಹಾಗೆ. ಆದರೆ ‘ಹಾಳೆಯ ಟೊಪ್ಪಿ’ ಎಂದು ಬರೆದರೆ ಮಕ್ಕಳು ನೋಟುಪುಸ್ತಕದ ಹಾಳೆಯನ್ನು ಹರಿದು ಮಡಚಿಯಾರು! ‘ಮುಟ್ಟಾಳೆ’ ಎಂದರಾಯಿತು ಎಂದೆವು. ಅದು ತುಳುವಿನ ಮಾತಲ್ಲವೆ, ಪಠ್ಯದಲ್ಲಿ ಸಲ್ಲುವುದೆ ಎಂದು ಹಿರಿಯರೊಬ್ಬರು ಸಂಶಯಪಟ್ಟರು. ನಮ್ಮ ಕಣ್ಣಮುಂದೆ ನಮ್ಮ ಮೂರನೆಯ ತರಗತಿಯ ಒಬ್ಬ ಹುಡುಗನಿದ್ದ. ಮನೆಮಾತು ತುಳು; ತಂದೆ ಅಡಕೆ ಕೊಯ್ಯುವವರು. ಮುಟ್ಟಾಳೆಯಿಲ್ಲದೆ ತಂದೆಯ ಚಿತ್ರವನ್ನು ಅವನು ಬರೆದುದೇ ಇಲ್ಲ. ಬರುವ ವರ್ಷ ಈ ಪಾಠವನ್ನು ಓದಬೇಕಾದವನು ಅವನೇ ಎಂದು ವಾದಿಸಿದೆವು. ಪದ ಉಳಿಯಿತು.

ಬದಿಯಡ್ಕದ ಬಸ್ಸಿನಿಂದಿಳಿದು ಮನೆ ಸೇರುವಾಗ ಬಿಸಿಲೇರಿತ್ತು. ನಾವು ಹೊರಟ ದಿನ ಅಂಗಳದಲ್ಲಿ ಹರವಿದ್ದ ಅಡಕೆಯು ಹತ್ತು ಬಿಸಿಲು ಕಂಡಿತ್ತು. ಚಾಲಿಯಾಗಲು ನಲ್ವತ್ತಾದರೂ ಬೇಕು. ಮಗ ಸೈಕಲಿನಿಂದ ಬಿದ್ದು ಮೊಣಕಾಲು ಕೆತ್ತಿಕೊಂಡಿದ್ದನಂತೆ. ನಾವು ನೋಡುವ ಹೊತ್ತಿಗೆ ಗಾಯವು ಒಣಗಿಯೇ ಹೋಗಿತ್ತು. ಅಮ್ಮನ ವರದಿಯಲ್ಲಿ ಕಾಲಕ್ರಮವೆಂಬುದಿಲ್ಲ. ಕೆರೆಯ ಪಂಪು ಕೆಟ್ಟದ್ದು, ದನ ಹಗ್ಗ ಕಿತ್ತುಕೊಂಡದ್ದು, ಎರಡು ಮದುವೆಗಳ ಕಾಗದ ಬಂದದ್ದು ಎಲ್ಲ ಆದ ಮೇಲೆ, ಕಾಫಿಯ ಲೋಟವನ್ನು ಒಳಗೆ ಒಯ್ಯುತ್ತ, “ಆಚೆಮನೆಯ ಅಜ್ಜ ಹೋದರು, ನೀನು ಹೋದ ಮೂರನೆಯ ದಿನ. ಬೊಜ್ಜಕ್ಕಾದರೂ ಸಿಕ್ಕಿದೆಯಲ್ಲ” ಎಂದರು. ನಾವು ಹೊರಡುವ ದಿನ ರಸ್ತೆಯ ಬದಿಯಲ್ಲಿ ನಿಂತು, ನಮಗಾಗಿ ಬಸ್ಸಿಗೆ ಕೈ ತೋರಿಸಿದವರು ಆ ಅಜ್ಜನೇ. ಆಗ ಪೆಟ್ಟಿಗೆಯನ್ನು ಎತ್ತಿಕೊಳ್ಳುವ ಗಡಿಬಿಡಿಯಲ್ಲಿ ಅವರ ಕಡೆ ತಿರುಗಿ ನೋಡಿರಲಿಲ್ಲ.

ಕಪಾಟಿನ ಮೇಲೆ ಮದುವೆಯ ಕಾಗದಗಳ ಅಡಿಯಲ್ಲಿ ಇನ್ನೊಂದು ಕಾಗದವಿತ್ತು. ಪೇಟೆಯ ಒಂದು ಆಂಗ್ಲ ಮಾಧ್ಯಮ ಶಾಲೆಯ ಅರ್ಜಿ. ಈ ಪತ್ರಿಕೆಯ ಓದುಗರು ಬಹುಮಂದಿ ಅಧ್ಯಾಪಕರೇ ಆದುದರಿಂದ ಇದನ್ನು ಬರೆಯಲು ಸಂಕೋಚವಾಗುತ್ತದೆ. ಮಗನಿಗೆ ಬರುವ ಜೂನಿಗೆ ಒಂದನೆಯ ತರಗತಿ. “ಸುಮ್ಮನೆ ನೋಡುವ ಎಂದು ತಂದದ್ದು” ಎಂದಳು ಮನೆಯಾಕೆ. ನಾವು ಸುಮ್ಮನೆಯೇ ನೋಡಿ ಅಲ್ಲಿಯೇ ಇಟ್ಟೆವು. ಅವಳನ್ನು ಆಕ್ಷೇಪಿಸುವ ಧೈರ್ಯ ನಮಗಿರಲಿಲ್ಲ. ಆ ವಿಚಾರವು ನಮ್ಮ ತಲೆಯಲ್ಲಿಯೂ ಸುಳಿದಿರಲಿಲ್ಲವೆಂದರೆ ಸುಳ್ಳಾದೀತು.

ಮರುದಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಹಾಜರಿ ಪುಸ್ತಕವನ್ನು ಕೈಗಿತ್ತು, ಮೂರನೆಯ ತರಗತಿಯ ಏಳು ಮಂದಿಯಲ್ಲಿ ಒಬ್ಬನು ಈ ವರ್ಷ ಮುಗಿಸಿ ಹೋಗುತ್ತಾನೆ ಎಂದರು. ಯಾರೆಂದು ಕೇಳಿದೆವು. ಅವನೇ. ತಂದೆ ಹಿಂದಿನ ವಾರ ಬಂದು ಹೇಳಿದ್ದರಂತೆ, ಪೇಟೆಯಲ್ಲಿ ಸೀಟು ಹಿಡಿದಾಗಿದೆಯೆಂದು. ಹುಡುಗನು ಎಂದಿನಂತೆ ಮುಂದಿನ ಬೆಂಚಿನಲ್ಲಿ ಕುಳಿತು, ತಿರುವನಂತಪುರದಲ್ಲಿ ಸಮುದ್ರವಿದೆಯೇ, ಪ್ರಾಣಿಗಳ ತೋಟವಿದೆಯೇ ಎಂದು ಕೇಳುತ್ತಿದ್ದ. ಎರಡೂ ಇವೆಯೆಂದೆವು. ನಾವು ಅವೆರಡನ್ನೂ ಕಂಡಿರಲಿಲ್ಲ.

ಸಂಜೆ ತೋಟದ ಕಟ್ಟದ ಬಳಿ ತಂದೆ ಎದುರಾದರು. ತಲೆಯ ಮೇಲೆ ಮುಟ್ಟಾಳೆ, ಅದರ ಮೇಲೆ ಅಡಕೆಯ ಗೋಣಿ. ಗೋಣಿಯನ್ನು ಇಳಿಸಲಿಲ್ಲ, ನಾವೂ ನಿಲ್ಲಿಸಿಕೊಳ್ಳಬಾರದಿತ್ತು, ಆದರೂ ಕೇಳಿಯೇಬಿಟ್ಟೆವು. ಅವರು ತುಳುವಿನಲ್ಲಿ, ಬೇಸರವಿಲ್ಲದ ದನಿಯಲ್ಲಿ, “ಬಸ್ಸು ಮನೆಯ ಹತ್ತಿರವೇ ಬರುತ್ತದೆ ಮಾಷ್ಟ್ರೇ” ಎಂದರು. ಮತ್ತೆ ಒಂದು ಗಳಿಗೆ ತಡೆದು, “ನಿಮ್ಮ ಮಗನನ್ನು ಎಲ್ಲಿಗೆ ಸೇರಿಸುತ್ತೀರಿ?” ಎಂದರು. ನಮ್ಮಿಂದ ಉತ್ತರ ಬರಲಿಲ್ಲ. ಗೋಣಿಯ ಭಾರಕ್ಕೆ ಅವರು ಕಾಯುವಂತೆಯೂ ಇರಲಿಲ್ಲ.

ಅಂದು ರಾತ್ರಿ ಮನೆಯಾಕೆಯೊಡನೆ ಮಾತಾಯಿತು, ಅದರ ಮರುದಿನವೂ. ಅಮ್ಮ ಮಾತ್ರ “ನಿಮಗೆ ತೋರಿದಂತೆ ಮಾಡಿ” ಎಂದು ಅಡಕೆ ತಿರುವಲು ಹೋದರು. ಅರ್ಜಿಯ ಕೊನೆಯ ದಿನ ಕಳೆದುಹೋಯಿತು. ಕಳೆಯಲು ಬಿಟ್ಟೆವು ಎನ್ನುವುದೇ ಸರಿ.

2025ರ ಜೂನಿನಲ್ಲಿ ಮಗನು ನಮ್ಮ ಶಾಲೆಯ ಒಂದನೆಯ ತರಗತಿಯಲ್ಲಿ ಕುಳಿತ. ನಾಲ್ಕನೆಯದರಲ್ಲಿ ಆರೇ ಮಂದಿ. ಮಳೆಗಾಲದ ಮೊದಲ ವಾರ ಅದೇ ಕಟ್ಟದ ಬಳಿ ಅದೇ ತಂದೆ ಸಿಕ್ಕಿದಾಗ, ಆ ದಿನದ ಬಾಕಿಯನ್ನು ತೀರಿಸುವವರಂತೆ, ಮಗನನ್ನು ನಮ್ಮಲ್ಲಿಗೇ ಸೇರಿಸಿದೆವೆಂದು ಹೇಳಿದೆವು. ಅವರು ಮುಟ್ಟಾಳೆಯನ್ನು ತೆಗೆದು ನೀರು ಕೊಡವಿ ನಕ್ಕರು.

“ನಿಮಗೆ ಮನೆಯಲ್ಲಿ ಇಂಗ್ಲಿಷು ಹೇಳಿಕೊಡಲಿಕ್ಕೆ ಆಗುತ್ತದಲ್ಲ ಮಾಷ್ಟ್ರೇ.”